ಅಡಿಟಿಪ್ಪಣಿ ಮೇಷ್ಟ್ರು ಮತ್ತು ಏಳನೇ ನಂಬರು

ನಮ್ಮ ವಿಭಾಗದಲ್ಲಿ ಬರೆಯುವವರು ಎಂಟು ಜನ ಇದ್ದರು, ಓದುವವರು ಒಬ್ಬರೇ. ಆ ಒಬ್ಬರಿಗೆ ನಾವು ಇಟ್ಟ ಹೆಸರು ಅಡಿಟಿಪ್ಪಣಿ ಮೇಷ್ಟ್ರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಬೇಜಾರು ಮಾಡಿಕೊಂಡವರಲ್ಲ. ನಾನು ಅಲ್ಲಿ ಆಫೀಸಿನ ಕೆಲಸದವಳು. ವಿಶ್ವವಿದ್ಯಾಲಯದ ವಾಣಿಜ್ಯ ಕಾನೂನು ವಿಭಾಗ ಎಂದು ಬೋರ್ಡು ಹಾಕಿದ ಎರಡನೇ ಮಹಡಿಯ ಕಾರಿಡಾರಿನ ಮೊದಲ ಕೋಣೆಯಲ್ಲಿ, ಫೈಲಿನ ಬೀರುವಿಗೂ ಪ್ರಿಂಟರಿಗೂ ನಡುವೆ, ಇಪ್ಪತ್ತೆರಡು ವರ್ಷ ಕೂತೆ. ಯಾರು ಎಷ್ಟು ಓದಿದ್ದಾರೆ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಯಾರು ಓದಿದಂತೆ ನಟಿಸುತ್ತಾರೆ ಎಂದು ಮಾತ್ರ ಚೆನ್ನಾಗಿ ಹೇಳಬಲ್ಲೆ. ಜೆರಾಕ್ಸ್ ಮಾಡಿಸಿಕೊಂಡ ಪುಟಗಳನ್ನು ಟ್ರೇಯಲ್ಲೇ ಮರೆತು ಹೋಗುವವರನ್ನು ದಿನಾ ನೋಡಿದ್ದೇನೆ.

ಮೇಷ್ಟ್ರು ಮರೆಯುತ್ತಿರಲಿಲ್ಲ. ಯಾರಾದರೂ ಒಂದು ಪ್ರಬಂಧ ಕೈಗೆ ಕೊಟ್ಟರೆ ಸಾಕು, ಅದರ ಅಡಿಟಿಪ್ಪಣಿಗಳನ್ನೆಲ್ಲ ಒಂದೊಂದಾಗಿ ಹಿಡಿದು ಗ್ರಂಥಾಲಯಕ್ಕೆ ನಡೆಯುತ್ತಿದ್ದರು. ಇಂಥ ಪುಸ್ತಕದ ಇಂಥ ಪುಟದಲ್ಲಿ ಹೀಗಿದೆ ಎಂದು ಬರೆದವನು ಹೇಳಿದರೆ, ಆ ಪುಸ್ತಕ ತೆಗೆಸಿ, ಆ ಪುಟ ತೆರೆದು, ಅಲ್ಲಿ ನಿಜವಾಗಿಯೂ ಹಾಗೇ ಇದೆಯೇ ಎಂದು ನೋಡುವುದು. ಇದ್ದರೆ ಪೆನ್ಸಿಲಿನಲ್ಲಿ ಪುಟ್ಟದೊಂದು ರೈಟ್ ಮಾರ್ಕು. ಇಲ್ಲದಿದ್ದರೆ ಇಂಟು ಮಾರ್ಕು. ಬೇರೆ ಯಾವ ಟೀಕೆಯೂ ಇಲ್ಲ. ಅವರ ಕೈಯಿಂದ ವಾಪಸು ಬಂದ ಪ್ರಬಂಧದಲ್ಲಿ ಇಂಟು ಮಾರ್ಕುಗಳನ್ನು ಎಣಿಸಿಕೊಂಡು ಮುಖ ಸಣ್ಣದು ಮಾಡಿಕೊಂಡ ದೊಡ್ಡ ಮನುಷ್ಯರನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಓದಿದವರು ಬರೆದದ್ದು ಜೀವಮಾನದಲ್ಲಿ ಒಂದೇ ಒಂದು ಲೇಖನ, ಅದೂ ಇಪ್ಪತ್ತು ವರ್ಷದ ಹಿಂದೆ, ಪಾಲುದಾರರು ಜಗಳವಾಡಿ ಅಂಗಡಿ ಮುಚ್ಚಿದಾಗ ಕಾನೂನು ಏನು ಮಾಡಬೇಕು ಎಂಬುದರ ಮೇಲೆ. ನಮ್ಮ ಮುಖ್ಯಸ್ಥರು ಅದಕ್ಕೇ ಕೈ ಹಾಕಿದರು. ಒಮ್ಮೆ ಸಭೆಯಲ್ಲಿ, ನಾನು ನಡಾವಳಿ ಬರೆಯುತ್ತಿದ್ದಾಗ, ನಮ್ಮ ಮೇಷ್ಟ್ರು ಊರವರ ಅಡಿಟಿಪ್ಪಣಿ ತಿದ್ದುತ್ತಾ ತಿದ್ದುತ್ತಾ ಸ್ವಂತ ಪುಸ್ತಕ ಬರೆಯುವುದನ್ನೇ ಮರೆತರು ಎಂದುಬಿಟ್ಟರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಸಭೆ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, ಆ ಮಾತನ್ನೂ ನಡಾವಳಿಯಲ್ಲಿ ಬರೆದಿದ್ದೇನೆಯೇ ಎಂದು ಕೇಳಿದರು. ಇಲ್ಲ ಎಂದೆ. ಬರೆಯಬೇಕಿತ್ತು ಎಂದು ಹೇಳಿ ಹೋದರು. ಆ ಮಾತು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತೆಂದು ನನಗೆ ಅವತ್ತೇ ಅರ್ಥವಾಗಬೇಕಿತ್ತು.

ಐದು ವರ್ಷಕ್ಕೊಮ್ಮೆ ಪ್ರತಿ ವಿಭಾಗದ ಸಂಶೋಧನೆಯ ಗುಣಮಟ್ಟ ಅಳೆಯುವುದು ನಮ್ಮಲ್ಲಿನ ಪದ್ಧತಿ. ಗುಣಮಟ್ಟ ಎಂದು ಹೆಸರು, ಅಳೆಯುವುದು ತೂಕವನ್ನು. ಯಾವ ಜರ್ನಲಿನಲ್ಲಿ ಅಚ್ಚಾಯಿತು, ಎಷ್ಟು ಅಚ್ಚಾಯಿತು ಎಂಬ ತಖ್ತೆಯನ್ನು ನಾನೇ ತುಂಬುತ್ತಿದ್ದೆ. ಒಳಗೆ ಏನು ಬರೆದಿದೆ ಎಂದು ಕೇಳುವ ಕಾಲಮ್ಮೇ ಅದರಲ್ಲಿ ಇರಲಿಲ್ಲ. ಮೇಷ್ಟ್ರು ಪ್ರತಿ ಸಲವೂ ಎದ್ದು ನಿಂತು, ಓದಿ ಅಳೆಯಿರಿ, ಓದದೆ ಅಳೆಯುವುದಕ್ಕೆ ತಕ್ಕಡಿ ಸಾಕು, ಮೇಷ್ಟ್ರು ಬೇಡ ಎನ್ನುತ್ತಿದ್ದರು. ಹದಿನೈದು ವರ್ಷ ಹೀಗೆ ಗಂಟಲು ಹರಿದುಕೊಂಡ ಮೇಲೆ ಈ ಸಲ ಮೇಲಿನವರು ಒಪ್ಪಿಬಿಟ್ಟರು. ಪ್ರತಿಯೊಬ್ಬರೂ ಒಂದು ಪ್ರಬಂಧ ಕೊಡಬೇಕು. ಬರೆದವರ ಹೆಸರು ಅಳಿಸಿ ನಂಬರು ಹಾಕಬೇಕು. ಇಬ್ಬರು ಓದಬೇಕು, ಒಬ್ಬರು ಒಳಗಿನವರು, ಒಬ್ಬರು ಬೇರೆ ವಿಶ್ವವಿದ್ಯಾಲಯದವರು. ಇಬ್ಬರೂ ಒಂದರಿಂದ ನಾಲ್ಕರವರೆಗೆ ಅಂಕ ಕೊಡಬೇಕು. ಒಳಗಿನ ಓದುಗ ಯಾರಾಗಬೇಕೆಂದು ಕೇಳಿದಾಗ ಮುಖ್ಯಸ್ಥರೂ ಸೇರಿ ಎಲ್ಲರೂ ಮೇಷ್ಟ್ರ ಕಡೆ ಕೈ ತೋರಿಸಿದರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಸ್ವಂತಕ್ಕೆ ಕೊಡುವ ಪ್ರಬಂಧ ಹೇಗೂ ಇರಲಿಲ್ಲ. ಅವತ್ತು ಅವರ ಮುಖ ನೋಡಬೇಕಿತ್ತು. ಮದುವೆಯಾಗದ ಮನುಷ್ಯನಿಗೆ ಮಗಳ ಮದುವೆ ಗೊತ್ತಾದಷ್ಟು ಸಂಭ್ರಮ.

ಹೆಸರು ಅಳಿಸಿ ನಂಬರು ಹಾಕುವ ಕೆಲಸ ನನ್ನದು. ಯಾವ ನಂಬರು ಯಾರದ್ದೆಂದು ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಪೂರ್ತಿ ಓದಿಯೇ ಸಹಿ ಮಾಡಿದೆ, ಯಾಕೆಂದರೆ ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರು.

ಈ ಪರೀಕ್ಷೆಯಿಂದ ಏಳು ಜನರಿಗೆ ಆಗುವ ಲಾಭನಷ್ಟ ಅಷ್ಟಕ್ಕಷ್ಟೆ. ಎಂಟನೆಯವಳ ಬದುಕೇ ಅದರ ಮೇಲೆ ನಿಂತಿತ್ತು. ಅವಳನ್ನು ಎಲ್ಲರೂ ಚಿಕ್ಕ ಮೇಡಂ ಎನ್ನುತ್ತಿದ್ದರು. ಮೇಷ್ಟ್ರ ಹಳೆಯ ವಿದ್ಯಾರ್ಥಿನಿ, ಆರು ವರ್ಷದಿಂದ ಗುತ್ತಿಗೆಯ ಮೇಲೆ ಪಾಠ ಮಾಡುತ್ತಿದ್ದಳು. ಇಬ್ಬರು ಓದುಗರ ಅಂಕ ಸೇರಿ ಐದಾದರೆ ಕೆಲಸ ಕಾಯಂ, ಆಗದಿದ್ದರೆ ಗುತ್ತಿಗೆಯೂ ಮುಗಿಯಿತು, ಮನೆಗೆ ನಡೆಯಬೇಕು. ಐದೇನು ಮಹಾ, ಆದ ಹಾಗೇ ಎಂದು ಮುಖ್ಯಸ್ಥರು ಅವಳಿಗೆ ಧೈರ್ಯ ಹೇಳಿದ್ದರು. ಆ ಧೈರ್ಯದ ಮೇಲೆ ಅವಳ ಗಂಡ, ದೂರದ ಊರಿನ ಪ್ರೆಸ್ಸಿನಲ್ಲಿ ಮಿಷನ್ ನಡೆಸುತ್ತಿದ್ದವನು, ಕೆಲಸ ಬಿಟ್ಟು ಬಂದ. ಆರು ವರ್ಷ ರಜಾದಿನದ ಗಂಡ ಹೆಂಡಿರಾಗಿದ್ದವರು ನೀರಿನ ಟ್ಯಾಂಕಿನ ಹಿಂದೆ ಒಂದು ಮನೆ ಹಿಡಿದರು. ಅವಳ ಅಮ್ಮನಿಗೆಂದು ಬಿಸಿಲು ಬರುವ ಒಂದು ಕೋಣೆಯೂ ಅದರಲ್ಲಿತ್ತು. ಆ ಕೋಣೆಯ ಕಿಟಕಿಯ ಅಳತೆ ಬರೆದುಕೊಂಡ ಚೀಟಿಯನ್ನು ಚಿಕ್ಕ ಮೇಡಂ ನನಗೆ ತೋರಿಸಿ, ಪರದೆಗೆ ಎಷ್ಟು ಬಟ್ಟೆ ಬೇಕಾಗುತ್ತದೆ ಅಕ್ಕಾ ಎಂದು ಕೇಳಿದ್ದಳು.

ಅವಳ ಪ್ರಬಂಧದ ಹುಟ್ಟು ನನಗೆ ಚೆನ್ನಾಗಿ ಗೊತ್ತು, ಎರಡೂ ಕರಡುಗಳನ್ನು ಪ್ರಿಂಟ್ ತೆಗೆದುಕೊಟ್ಟವಳು ನಾನೇ. ಅವಳು ಡಾಕ್ಟರೇಟ್ ಮಾಡಿದ್ದು ಪಾಲುದಾರಿಕೆಯ ಮೇಲೆ. ಆದರೆ ಈ ಪ್ರಬಂಧ ಬೇರೆಯೇ. ಜನ ಕರಾರು ಪತ್ರಗಳಿಗೆ ಓದದೆ ಸಹಿ ಹಾಕುತ್ತಾರಲ್ಲ, ಹಾಕಿದ ಮೇಲೆ ಓದಿದಂತೆಯೇ ಲೆಕ್ಕ ಎನ್ನುತ್ತದಂತೆ ಕಾನೂನು. ಅದು ನ್ಯಾಯವೇ ಎಂದು ಅವಳ ಪ್ರಶ್ನೆ. ಎರಡು ವರ್ಷ ಪ್ರತಿ ಶನಿವಾರ ಫೋನಿನ ಅಂಗಡಿ, ಬಾಡಿಗೆ ಮನೆ ಕೊಡಿಸುವ ಆಫೀಸು, ಆಸ್ಪತ್ರೆಯ ದಾಖಲಾತಿ ಕೌಂಟರು ಎಂದು ನಿಂತು ನೂರ ಹನ್ನೆರಡು ಜನರನ್ನು ಮಾತಾಡಿಸಿದ್ದಳು. ಎಷ್ಟು ಸಾಲು ಓದಿದಿರಿ, ಯಾಕೆ ನಿಲ್ಲಿಸಿದಿರಿ, ಹಿಂದೆ ನಿಂತವರು ಗೊಣಗಿದರೇ, ಕೌಂಟರಿನವನು ಪೆನ್ನು ಮುಂದೆ ಹಿಡಿದನೇ ಎಂದು ಕೇಳಿ ಬರೆದುಕೊಂಡಿದ್ದಳು. ಕಾನೂನು ಕೋರ್ಟಿನಲ್ಲಿ ಇರುವುದಕ್ಕಿಂತ ಹೆಚ್ಚು ಕೌಂಟರಿನಲ್ಲಿ ಇದೆ, ಅಲ್ಲಿ ಹೋಗಿ ನಿಂತು ನೋಡು ಎಂದು ಮೇಷ್ಟ್ರು ಯಾವತ್ತೋ ಪಾಠದ ನಡುವೆ ಹೇಳಿದ ಮಾತು. ಹೇಳಿದವರು ಮರೆತರು, ಇವಳು ಹೋಗಿ ನಿಂತಳು.

ಮೊದಲ ಕರಡಿನಲ್ಲಿ ಪೀಠಿಕೆ ಮೂರೇ ಪುಟ. ಅದನ್ನು ನೋಡಿದ ಮುಖ್ಯಸ್ಥರು, ಹಿನ್ನೆಲೆ ಸಾಲದು, ನನ್ನ ಲೇಖನಗಳನ್ನು ಒಮ್ಮೆ ನೋಡು ಎಂದರು. ಕೆಲಸ ಕಾಯಂ ಆಗಬೇಕಾದವಳು ನೋಡದೆ ಇರುವುದುಂಟೇ. ಮೂರು ಪುಟ ಹನ್ನೊಂದಾಯಿತು, ಮುಖ್ಯಸ್ಥರ ಲೇಖನಗಳು ಹತ್ತೊಂಬತ್ತು ಸಲ ಅಡಿಟಿಪ್ಪಣಿಯಲ್ಲಿ ಬಂದು ಕೂತವು. ಎರಡನೇ ಕರಡು ಟ್ರೇಯಿಂದ ತೆಗೆಯುವಾಗ ಅವಳು ನಕ್ಕು, "ಮೊದಲ ಹನ್ನೊಂದು ಪುಟ ಅವರಿಗೆ ಅಕ್ಕಾ. ಹನ್ನೆರಡರಿಂದ ನಂದು" ಅಂದಳು. ಒಟ್ಟು ಇಪ್ಪತ್ತೆಂಟು ಪುಟ. ಕೊನೆಯ ಪುಟದ ಕೊನೆಯ ಅಡಿಟಿಪ್ಪಣಿಯಲ್ಲಿ ಒಬ್ಬರ ಹೆಸರು ಹಿಡಿದು ಕೃತಜ್ಞತೆ ಹೇಳಿದ್ದಳು. ನಿಯಮದ ಪ್ರಕಾರ ಅದರ ಮೇಲೂ ದಪ್ಪ ಪೆನ್ನಿನಿಂದ ಕಪ್ಪು ಬಳಿದೆ. ಮೇಲೆ ಏಳನೇ ನಂಬರು ಹಾಕಿದೆ.

ಮೇಷ್ಟ್ರು ನಿಯಮವನ್ನು ಎಷ್ಟು ಕಟ್ಟುನಿಟ್ಟಾಗಿ ಹಿಡಿದರೆಂದರೆ, ಓದುಗ ಎಂದು ನೇಮಕವಾದ ದಿನದಿಂದ ಚಿಕ್ಕ ಮೇಡಂ ಜೊತೆ ಚಹಾ ಕುಡಿಯುವುದನ್ನೂ ಬಿಟ್ಟರು. ಏನು ಬರೆಯುತ್ತಿದ್ದೀ ಎಂದು ಒಂದು ಸಲವೂ ಕೇಳಲಿಲ್ಲ. ಅವಳು ತನ್ನ ಹಳೆಯ ಪಾಲುದಾರಿಕೆಯನ್ನೇ ಮುಂದುವರಿಸಿದ್ದಾಳೆ ಎಂದು ಅವರಷ್ಟಕ್ಕೆ ಅವರು ಅಂದುಕೊಂಡಿದ್ದರು.

ನನ್ನ ಕೋಣೆಗೆ ಅಂಟಿಕೊಂಡ ಸಣ್ಣ ಓದುವ ಕೋಣೆಯಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆದ ಕಿಟಕಿಯ ಪಕ್ಕ ಕೂತು, ಅವರು ಎಂಟು ಕಟ್ಟುಗಳನ್ನು ಓದಲು ಶುರು ಮಾಡಿದರು. ಒಂದನೆಯದಕ್ಕೆ ನಾಲ್ಕು ದಿನ, ಎರಡನೆಯದಕ್ಕೆ ಐದು ದಿನ. ಗ್ರಂಥಾಲಯಕ್ಕೂ ಎರಡನೇ ಮಹಡಿಗೂ ಓಡಾಡಿ ಓಡಾಡಿ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅವರ ಅಕ್ಕ, ಜೊತೆಯಲ್ಲೇ ಇದ್ದ ನಿವೃತ್ತ ನರ್ಸು, ಬೇರೆ ಚಪ್ಪಲಿ ಹಿಡಿದುಕೊಂಡು ಆಫೀಸಿಗೇ ಬಂದರು. ಇಷ್ಟು ಓದಿದರೆ ಕಣ್ಣಿನ ಡಾಕ್ಟರು ಮಾತ್ರ ಉದ್ಧಾರವಾಗುವುದು ಎಂದು ತಮ್ಮನನ್ನು ನನ್ನೆದುರೇ ಛೇಡಿಸಿದರು.

ಮೇಷ್ಟ್ರಿಗೆ ಒಂದು ಹೆಮ್ಮೆ ಇತ್ತು, ಅದನ್ನು ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಹೆಸರು ಅಳಿಸಿದರೇನು, ಅಡಿಟಿಪ್ಪಣಿ ನೋಡಿದರೆ ಬರೆದವರು ಯಾರೆಂದು ತಿಳಿಯುತ್ತದೆ ಎನ್ನುತ್ತಿದ್ದರು. ಮನುಷ್ಯ ಯಾರನ್ನು ಮರೆತರೂ ತನ್ನನ್ನು ಮರೆಯುವುದಿಲ್ಲವಂತೆ. ಯಾರ ಹೆಸರು ಅಡಿಟಿಪ್ಪಣಿಯಲ್ಲಿ ಹೆಚ್ಚು ಸಲ ಬರುತ್ತದೋ ಅವರೇ ಬರೆದದ್ದಂತೆ. ಈ ಪತ್ತೇದಾರಿಕೆ ನೂರಕ್ಕೆ ತೊಂಬತ್ತು ಸಲ ಸರಿಯಾಗುತ್ತಿತ್ತು. ಅದೇ ನಮ್ಮ ಹಣೆಬರಹವಾಯಿತು.

ಮೂರನೇ ನಂಬರು ಮುಗಿಸಿದ ದಿನ ಅವರು ಕೋಣೆಯಿಂದ ಹೊರಗೆ ಬಂದಾಗ ಮುಖ ಅರಳಿತ್ತು. ಅದು ಪಾಲುದಾರಿಕೆಯ ಮೇಲಿನ ಪ್ರಬಂಧ. ಚಿಕ್ಕ ಮೇಡಂಳ ಡಾಕ್ಟರೇಟ್ ಗ್ರಂಥ ಅದರಲ್ಲಿ ನಾಲ್ಕು ಸಲ ಬಂದಿತ್ತು. ಮೇಷ್ಟ್ರ ಆ ಒಂದೇ ಒಂದು ಲೇಖನವೂ ಬಂದಿತ್ತು. ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಇಪ್ಪತ್ತು ವರ್ಷದ ಹಿಂದಿನದನ್ನು ನೆನಪಿಟ್ಟುಕೊಳ್ಳುವವರು ಇನ್ಯಾರು ಇದ್ದಾರೆ ಹೇಳಮ್ಮ ಎಂದರು. ನಾನು ಸ್ಟೇಪ್ಲರಿಗೆ ಪಿನ್ನು ತುಂಬುತ್ತಾ ತಲೆ ತಗ್ಗಿಸಿದೆ. ಮೂರನೇ ನಂಬರು ಮುಖ್ಯಸ್ಥರದ್ದು. ಅವರಿಗೆ ಆ ವಿಷಯ ಹೊಸದು. ಹಾಗಾಗಿ ತಮ್ಮ ಹಳೆಯ ಲೇಖನ ಯಾವುದನ್ನೂ ಹಾಕಲು ಆಗಿರಲಿಲ್ಲ. ಚಿಕ್ಕ ಮೇಡಂಳ ಗ್ರಂಥವನ್ನು ಹಿಡಿದು ಬರೆದು, ಅದನ್ನು ಪ್ರಾಮಾಣಿಕವಾಗಿ ಹೇಳಿಯೂ ಇದ್ದರು. ಮೇಷ್ಟ್ರ ಲೇಖನದ ಹೆಸರು ಅವರಿಗೆ ಸಿಕ್ಕಿದ್ದು ಅದೇ ಗ್ರಂಥದ ಪಟ್ಟಿಯಲ್ಲಿ. ಕೆಟ್ಟ ಪ್ರಬಂಧವೇನಲ್ಲ, ಸಾಧಾರಣ. ಮೇಷ್ಟ್ರು ಅದಕ್ಕೆ ನಾಲ್ಕು ಕೊಟ್ಟರು. ಅವರ ಕೈಯಿಂದ ನಾಲ್ಕು ಬಿದ್ದದ್ದು ಅದೊಂದಕ್ಕೇ.

ಅವರು ತಪ್ಪು ತಿಳಿದಿದ್ದಾರೆಂದು ನನಗೆ ಆಗಲೇ ಗೊತ್ತಾಯಿತು. ಆದರೂ ಸುಮ್ಮನಿದ್ದೆ, ಒಬ್ಬರಿಗೆ ಒಳ್ಳೆಯದಾಯಿತಲ್ಲ, ಯಾರಿಗೂ ಕೆಟ್ಟದಾಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಏಳನೇ ನಂಬರು ಎತ್ತಿಕೊಂಡದ್ದು ಒಂದು ಸೋಮವಾರ ಬೆಳಗ್ಗೆ. ಹನ್ನೊಂದು ಗಂಟೆಗೆ ಒಳಗೆ ಹೋದವರು ಊಟದ ಹೊತ್ತಿಗೆಲ್ಲ ಹೊರಗೆ ಬಂದರು. ಅಷ್ಟು ಬೇಗ ಅವರು ಯಾವತ್ತೂ ಬಂದದ್ದಿಲ್ಲ. ಗ್ರಂಥಾಲಯದ ಕಡೆಗೆ ಕಾಲೂ ಇಟ್ಟಿರಲಿಲ್ಲ. ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿದರು. ಹನ್ನೊಂದನೇ ಪುಟಕ್ಕೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಇತ್ತು.

"ಹತ್ತೊಂಬತ್ತು ಸಲ, ಹನ್ನೊಂದೇ ಪುಟದಲ್ಲಿ" ಎಂದರು. "ಇದು ಯಾರದ್ದು ಅಂತ ಬಾಯಿಬಿಟ್ಟು ಬೇರೆ ಹೇಳ್ಬೇಕಾ?"

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. "ಸರ್, ಪೂರ್ತಿ ಓದ್ಬಿಡಿ" ಅಂದೆ. ಅಷ್ಟೇ ಅಂದದ್ದು.

"ಹದಿನೆಂಟು ವರ್ಷದಿಂದ ಓದ್ತಾ ಇದೀನಮ್ಮ ಈ ಮನುಷ್ಯನ್ನ. ಇನ್ನು ಹದಿನೇಳು ಪುಟದಲ್ಲಿ ಹೊಸದೇನು ಹೇಳ್ತಾರೆ?"

ಹಾಗೆ ಹೇಳುತ್ತಲೇ, ನಿಂತಲ್ಲೇ, ನನ್ನ ಪೆನ್ನು ತೆಗೆದುಕೊಂಡು ನಮೂನೆಯಲ್ಲಿ ಒಂದು ಎಂದು ಬರೆದರು. ಕಾರಣ ಬರೆಯುವ ಜಾಗದಲ್ಲಿ, ಹೊಸ ವಿಚಾರವಿಲ್ಲ, ಸ್ವಪ್ರಶಂಸೆ ಎಂದು ಬರೆದರು. ಸಭೆಯಲ್ಲಿ ಎಲ್ಲರೂ ನಕ್ಕ ಆ ದಿನದ ಮುಳ್ಳನ್ನು ಇವತ್ತು ಕಿತ್ತರು ಎಂದು ನನಗೆ ಕಾಣುತ್ತಿತ್ತು. ಯಾರಿಗೂ ಹೆದರದೆ ಓದಿ ಅಳೆಯಿರಿ ಎಂದು ಹದಿನೈದು ವರ್ಷ ಹೋರಾಡಿದ ಮನುಷ್ಯ, ತಾನು ಗೆದ್ದ ವರ್ಷವೇ ಓದದೆ ಅಳೆದರು.

ಅವರನ್ನು ದೂರುವ ಮೊದಲು ನನ್ನನ್ನೇ ದೂರಿಕೊಳ್ಳಬೇಕು. ಸರ್, ಇದು ಅವರದ್ದಲ್ಲ ಎಂಬ ಮೂರು ಮಾತು ಸಾಕಿತ್ತು. ಯಾರದ್ದೆಂದು ಹೇಳುವುದೂ ಬೇಕಿರಲಿಲ್ಲ. ಆದರೆ ಹಿಂದಿನ ವರ್ಷ ಪಕ್ಕದ ವಿಭಾಗದ ಗುಮಾಸ್ತೆ ಪ್ರಶ್ನೆಪತ್ರಿಕೆಯ ವಿಷಯದಲ್ಲಿ ಬಾಯಿ ಜಾರಿ ಕೆಲಸ ಕಳೆದುಕೊಂಡಿದ್ದಳು. ನನಗೆ ಪೆನ್ಷನ್ನಿಗೆ ಎರಡು ವರ್ಷ ಉಳಿದಿತ್ತು. ಹೊರಗಿನವರು ನಾಲ್ಕು ಕೊಟ್ಟರೆ ಐದಾಗುತ್ತದೆ ಎಂದು ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ನಮೂನೆಯನ್ನು ಲಕೋಟೆಗೆ ಹಾಕಿ ಅಂಟಿಸಿದೆ.

ಹೊರಗಿನವರು ಮೂರು ಕೊಟ್ಟರು.

ನಾಲ್ಕು ಎಂಬುದು ಐದಲ್ಲ ಎಂದು ಹೇಳಲು ಮುಖ್ಯಸ್ಥರು ಚಿಕ್ಕ ಮೇಡಂಳನ್ನು ಕರೆಸಿ ಕೂರಿಸಿಕೊಂಡದ್ದು ಹದಿನೈದು ನಿಮಿಷ. ಹೊರಗೆ ಬಂದವಳು ನೇರ ನನ್ನ ಮೇಜಿಗೆ ಬಂದು, ಕೆಲಸ ಬಿಡುವವರು ತುಂಬಬೇಕಾದ ನಮೂನೆ ಕೇಳಿದಳು. ಗ್ರಂಥಾಲಯದ ಪುಸ್ತಕ ಕೊಟ್ಟಾಗಿದೆಯೇ, ಕೋಣೆಯ ಬೀಗದ ಕೈ ಒಪ್ಪಿಸಿದೆಯೇ ಎಂಬ ಪ್ರಶ್ನೆಗಳಿಗೆಲ್ಲ ಅಲ್ಲೇ ನಿಂತು ಉತ್ತರ ಬರೆದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಉಸಿರಾಡಲು ಆಗುತ್ತಿತ್ತು. ಆಮೇಲೆ ಮೇಷ್ಟ್ರಿಗೆ ಹೇಳಿ ಹೋಗಬೇಕೆಂದು ಓದುವ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು.

ಮೇಷ್ಟ್ರಿಗೆ ಸುದ್ದಿ ಗೊತ್ತಿರಲಿಲ್ಲ. ಗೊತ್ತಾದಾಗ ನಂಬಲಿಲ್ಲ. ಲೆಕ್ಕ ತಪ್ಪಿದ್ದಾರೆ, ನಾನು ಹೋಗಿ ಕೇಳುತ್ತೇನೆ ಎಂದು ಎದ್ದು ನಿಂತರು. ಹೇಳಬಾರದ್ದನ್ನು, ನಿಯಮದ ಮನುಷ್ಯ, ಮೊದಲ ಸಲ ಹೇಳಿದರು. "ನಿಂದಕ್ಕೆ ನಾನೇ ನಾಲ್ಕು ಕೊಟ್ಟಿದೀನಲ್ಲ. ಆ ಪಾಲುದಾರಿಕೆ ಪೇಪರ್‌ಗೆ."

ಅವಳು ಹೆಗಲ ಚೀಲ ಕೆಳಗಿಟ್ಟಳು.

"ಸರ್, ನಂದು ಪಾಲುದಾರಿಕೆ ಅಲ್ಲ" ಎಂದಳು ಚಿಕ್ಕ ಮೇಡಂ. "ನಂದು ಸಹಿ ಬಗ್ಗೆ. ಕೌಂಟರ್ ಹತ್ರ ಹೋಗಿ ನಿಂತ್ಕೋ ಅಂದಿದ್ರಲ್ಲ ನೀವು."

ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡದ್ದು ನನಗೆ ಕಂಡಿತು. ಅವರು ಓದಿದ ಹನ್ನೊಂದು ಪುಟದಲ್ಲಿ ಕೌಂಟರಿನ ಸುದ್ದಿಯೇ ಇರಲಿಲ್ಲ. ಅವಳು ಅವರ ಮುಖ ನೋಡಿಯೇ ತಿಳಿದುಕೊಂಡಳು. ಜಾಣೆ. ಬಗ್ಗಿ ತನ್ನ ಚೀಲ ಎತ್ತಿಕೊಂಡು, "ಪರವಾಗಿಲ್ಲ ಸರ್" ಎಂದು ಹೊರಗೆ ಬಂದಳು. ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟಳು. ಅಮ್ಮನ ಕೋಣೆಯ ಪರದೆಗೆಂದು ತಂದ ಬಟ್ಟೆ. ಇನ್ನೂ ಹೊಲಿಸಿರಲಿಲ್ಲ. ಹೋಗುವ ಕಡೆ ಎಂಥ ಕಿಟಕಿಯೋ ಗೊತ್ತಿಲ್ಲ, ನೀವೇ ಇಟ್ಟುಕೊಳ್ಳಿ ಅಕ್ಕಾ ಎಂದಳು.

ಆ ಪರವಾಗಿಲ್ಲ ಎಂಬ ಮಾತು ಮೇಷ್ಟ್ರನ್ನು ಮುಗಿಸಿತು ಎಂದೇ ನನ್ನ ಲೆಕ್ಕ. ಬೈದಿದ್ದರೆ ಉಳಿಯುತ್ತಿದ್ದರು.

ಅವತ್ತೇ ಅವರು ಏಳನೇ ನಂಬರಿನ ಪ್ರತಿ ಮತ್ತೆ ಬೇಕೆಂದು ಕೇಳಿದರು. ಓದಿ ಮುಗಿದ ಪ್ರತಿಗಳನ್ನು ಯಾರಿಗೂ ಕೊಡಬಾರದೆಂದು ನಿಯಮ. ಕೊಟ್ಟೆ. ನಿಯಮ ಮುರಿಯುವ ಧೈರ್ಯ ನನಗೆ ಬಂದದ್ದು ಅದರಿಂದ ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ. ಹನ್ನೆರಡನೇ ಪುಟದಿಂದ ಶುರು ಮಾಡಿ ಸಂಜೆಯೊಳಗೆ ಓದಿದರು. ಓದಿ ಮುಗಿಸಿ ಬಹಳ ಹೊತ್ತು ಸೈಕಲುಗಳನ್ನು ನೋಡುತ್ತಾ ಕೂತಿದ್ದರು. ಹೇಗಿದೆ ಎಂದು ನಾನು ಕೇಳಬಾರದಿತ್ತು, ಕೇಳಿದೆ. ಇಡೀ ವಿಭಾಗದಲ್ಲಿ ಇಂಥದ್ದನ್ನು ಯಾರೂ ಬರೆದಿಲ್ಲ, ತಾನು ಬರೆಯಬೇಕಿದ್ದ ಪುಸ್ತಕ ಇದು ಎಂದರು.

ಮರುದಿನ ಸಂಶೋಧನಾ ಕಚೇರಿಗೆ ಅರ್ಜಿ ಕೊಟ್ಟರು. ಏಳನೇ ನಂಬರನ್ನು ಪೂರ್ತಿ ಓದದೆ, ಬೇರೆಯವರದ್ದೆಂದು ತಿಳಿದು ಅಂಕ ಕೊಟ್ಟಿದ್ದೇನೆ, ಅದನ್ನು ರದ್ದು ಮಾಡಿ ಎಂದು ತಮ್ಮ ಕೈಯಾರೆ ಬರೆದರು. ಎರಡು ವಾರಕ್ಕೆ ಉತ್ತರ ಬಂತು. ಅದನ್ನು ಫೈಲಿಗೆ ಸೇರಿಸಿದವಳು ನಾನೇ ಆದ್ದರಿಂದ ಅಕ್ಷರ ಅಕ್ಷರ ನೆನಪಿದೆ. ಹೆಸರು ಅಳಿಸಿದ ಪದ್ಧತಿಯಲ್ಲಿ ಓದುಗರಿಗೆ ಬರೆದವರು ಯಾರೆಂದು ತಿಳಿದಿರುವುದಿಲ್ಲ, ಆದ ಕಾರಣ ಬರೆದವರ ಬಗ್ಗೆ ತಪ್ಪು ತಿಳಿಯುವ ಸಂಭವವೂ ಇರುವುದಿಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಆ ವಾಕ್ಯ ಬರೆದವನಿಗೆ ಒಂದು ಬಹುಮಾನ ಕೊಡಬೇಕು. ಅವನನ್ನು ನಾನು ನೋಡಿಲ್ಲ, ನೋಡಿದರೆ ಏನು ಮಾಡುತ್ತೇನೋ ಹೇಳಲಾರೆ.

ಕೊನೆಗೆ ಮೇಷ್ಟ್ರು ಮುಖ್ಯಸ್ಥರ ಕೋಣೆಗೇ ಹೋದರು. ನನ್ನನ್ನೂ ಸಾಕ್ಷಿಗೆಂದು ಕರೆದುಕೊಂಡು ಹೋದರು. ನಿಂತುಕೊಂಡೇ, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಂದು ಅಂತ ಅಂದ್ಕೊಂಡು ಒಂದು ಕೊಟ್ರಾ?"

"ಹೌದು."

"ನಾನು ನಿಮ್ಮನ್ನೇ ಓದುಗರಾಗಿ ಮಾಡಿ ಅಂತ ಹೇಳಿದ್ದು ಯಾಕೆ ಗೊತ್ತಾ? ನೀವೊಬ್ರೇ ಪೂರ್ತಿ ಓದ್ತೀರಿ ಅಂತ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೂ ಬೇಸರವಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು, ಬಂದ ಐದು ನಿಮಿಷಕ್ಕೆ ಹೋಯಿತು. ಏಳನೇ ನಂಬರನ್ನು ಮತ್ತೆ ತೆರೆದರೆ ಎಂಟೂ ಪ್ರಬಂಧಗಳನ್ನು ತೆರೆಯಬೇಕಾಗುತ್ತದೆ, ಮೂರನೆಯದರ ನಾಲ್ಕೂ ಪ್ರಶ್ನೆಗೆ ಬರುತ್ತದೆ, ವಿಭಾಗದ ಮಾನ ಬೀದಿಗೆ ಬೀಳುತ್ತದೆ, ಆದದ್ದು ಆಯಿತು ಎಂದು ಹೇಳಿ ಅವರು ಕೈ ತೊಳೆದುಕೊಂಡರು. ಕನ್ನಡಕ ಮತ್ತೆ ಹಾಕಿಕೊಂಡರು.

ಚಿಕ್ಕ ಮೇಡಂ ಗಂಡನ ಹಳೆಯ ಊರಿಗೆ ಹೋದಳು. ಅವನ ಪ್ರೆಸ್ಸಿನವರು ಬೇರೆಯವರನ್ನು ಇಟ್ಟುಕೊಂಡಾಗಿತ್ತು. ಅವನು ಈಗ ಸಾಮಾನಿನ ಗಾಡಿ ಓಡಿಸುತ್ತಾನೆ, ವಾರದಲ್ಲಿ ಐದು ದಿನ ಊರಲ್ಲಿರುವುದಿಲ್ಲ. ಅಮ್ಮನನ್ನು ಅಣ್ಣನ ಮನೆಗೆ ಕಳಿಸಿದರು. ಅಲ್ಲಿ ಯಾವ ಕೋಣೆ, ಎಂಥ ಕಿಟಕಿ ಎಂದು ನಾನು ಕೇಳಲಿಲ್ಲ. ಚಿಕ್ಕ ಮೇಡಂ ಬಾಡಿಗೆ ಮನೆ ಕೊಡಿಸುವ ಒಂದು ಆಫೀಸಿನ ಕೌಂಟರಿನಲ್ಲಿ ಕೂರುತ್ತಾಳೆ, ಜನ ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟು ತೋರಿಸುವ ಕೆಲಸ. ಒಮ್ಮೆ ಫೋನು ಮಾಡಿದ್ದಳು. "ಓದಿ ಸಹಿ ಮಾಡಿ ಅಂದ್ರೆ ಸಿಟ್ಟಾಗ್ತಾರೆ ಅಕ್ಕಾ. ನಮ್ಮ ಸಾಹೇಬರಿಗೂ ಸಿಟ್ಟು. ಈಗ ಹೇಳೋದು ಬಿಟ್ಟಿದೀನಿ" ಎಂದಳು. ಮತ್ತೆ ಏನಾದರೂ ಬರೆಯುತ್ತಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಪ್ರಬಂಧವನ್ನು ಯಾವ ಜರ್ನಲಿಗೂ ಕಳಿಸಲಿಲ್ಲವಂತೆ. ಮೇಷ್ಟ್ರ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೇಷ್ಟ್ರು ಉಳಿದ ಒಂದು ವರ್ಷ ಪಾಠ ಮಾಡಿದರು, ಗ್ರಂಥಾಲಯಕ್ಕೆ ಹೋದರು. ಆದರೆ ಯಾರ ಪ್ರಬಂಧವನ್ನೂ ಕೈಯಲ್ಲಿ ಮುಟ್ಟಲಿಲ್ಲ. ನಿವೃತ್ತಿಯ ದಿನ ಭಾಷಣ ಮಾಡಿ ಎಂದರೆ ಬೇಡ ಎಂದರು. ಅವರ ಪೆನ್ಷನ್ ಕಾಗದಕ್ಕೆ ಇನ್ನೂ ಮೂರು ಸಹಿ ಬೇಕಿತ್ತು, ಕರೆದರೂ ಬರಲಿಲ್ಲ. ಒಂದು ಭಾನುವಾರ ನಾನೇ ಫೈಲು ಹಿಡಿದುಕೊಂಡು ಅವರ ಮನೆಗೆ ಹೋದೆ.

ಬಾಗಿಲು ತೆರೆದವರು ಅಕ್ಕ. ಒಳಗೆ ಕರೆದು ಕೂರಿಸಿ, ದನಿ ತಗ್ಗಿಸಿ ತಮ್ಮನ ಸ್ಥಿತಿ ಹೇಳಿದರು. "ಹಾಲಿನ ಪ್ಯಾಕೆಟ್ ಮೇಲಿರೋದನ್ನೂ ಓದ್ತಾನಮ್ಮ. ಔಷಧಿ ಚೀಟಿ ಮಡಿಕೆ ಬಿಚ್ಚಿ ಎರಡೂ ಕಡೆ ಓದೋವರೆಗೂ ಮಾತ್ರೆ ನುಂಗಲ್ಲ. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ ನಂಗೆ."

ಮೇಷ್ಟ್ರು ಇಳಿದುಹೋಗಿದ್ದರು. ಪೆನ್ಷನ್ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು. ಅಚ್ಚು ಹಾಕಿದ ಪ್ರೆಸ್ಸಿನ ಹೆಸರನ್ನೂ ಬಿಡಲಿಲ್ಲ. ಅಕ್ಕ ಎರಡು ಸಲ ಚಹಾ ತಂದಿಟ್ಟರು. ಮೂರು ಸಹಿಗೆ ಎರಡು ಗಂಟೆ ಹಿಡಿಯಿತು. ನಾನು ಏಳಬೇಕೆಂದು ಚೀಲ ಎತ್ತಿಕೊಂಡಾಗ, ಇರಮ್ಮ ಎಂದು ಒಳಗೆ ಹೋಗಿ ಒಂದು ಕಟ್ಟು ತಂದರು. ಏಳನೇ ನಂಬರು. ಅಂಚುಗಳು ಮೆತ್ತಗಾಗಿದ್ದವು. ಪುಟ ತಿರುಗಿಸಿ ನೋಡಿದೆ. ಇಪ್ಪತ್ತೆಂಟು ಪುಟದ ಪ್ರತಿಯೊಂದು ಅಡಿಟಿಪ್ಪಣಿಯ ಪಕ್ಕದಲ್ಲೂ ಪುಟ್ಟ ರೈಟ್ ಮಾರ್ಕು ಇತ್ತು. ಅಷ್ಟನ್ನೂ ಗ್ರಂಥಾಲಯದಲ್ಲಿ ಹುಡುಕಿ ನೋಡಿದ್ದರು. ಮುಖ್ಯಸ್ಥರ ಹತ್ತೊಂಬತ್ತನ್ನೂ ಬಿಟ್ಟಿರಲಿಲ್ಲ.

ಕೊನೆಯ ಪುಟದಲ್ಲಿ ಒಂದು ಮಾತ್ರ ಖಾಲಿ ಇತ್ತು, ನಾನು ಕಪ್ಪು ಬಳಿದದ್ದು. ಅದರ ಮೇಲೆ ಬೆರಳಿಟ್ಟರು.

"ಇದೊಂದು ನೋಡೋಕೆ ಆಗಿಲ್ಲ. ಬೆಳಕಿಗೆ ಹಿಡಿದ್ರೂ ಕಾಣಲ್ಲ. ಇಲ್ಲಿ ಏನಿತ್ತಮ್ಮ?"

ಗೊತ್ತಿಲ್ಲ ಎನ್ನಬಹುದಿತ್ತು. ಎಷ್ಟೋ ದಿನವಾಯಿತು, ಮರೆತಿದ್ದೇನೆ ಎನ್ನಬಹುದಿತ್ತು. ಆದರೆ ಒಮ್ಮೆ ಸುಮ್ಮನಿದ್ದು ಏನಾಯಿತೆಂದು ನೋಡಿದ್ದೆ. ಎರಡನೇ ಸಲ ಬಾಯಿಗೆ ಬೀಗ ಹಾಕಿಕೊಳ್ಳಲು ನನ್ನಿಂದ ಆಗಲಿಲ್ಲ. ಈಗಲೂ ಯೋಚಿಸುತ್ತೇನೆ, ಮಾತಾಡಬೇಕಾದಾಗ ಸುಮ್ಮನಿದ್ದು, ಸುಮ್ಮನಿರಬೇಕಾದಾಗ ಮಾತಾಡಿದೆನೇ ಎಂದು.

"ನಿಮ್ಮ ಹೆಸರಿತ್ತು ಸರ್" ಎಂದೆ. ಬಳಿಯುವ ಮುಂಚೆ ಎರಡು ಸಲ ಓದಿದ್ದೆ, ಬಾಯಿಪಾಠವಾಗಿತ್ತು. ಹೇಳಿದೆ. "ಕೊನೆಯ ಸಾಲಿನವರೆಗೆ ಓದದೆ ಯಾವ ಬರಹದ ಬಗ್ಗೆಯೂ ತೀರ್ಮಾನ ಕೊಡಬಾರದು ಎಂದು ಕಲಿಸಿದ, ತಾವೂ ಎಂದೂ ಹಾಗೆ ಕೊಡದ ನನ್ನ ಮೇಷ್ಟ್ರಿ‌ಗೆ ನಾನು ಋಣಿ ಅಂತ ಇತ್ತು."

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವರಿಗೂ ಕೇಳಿಸಿರಬೇಕು.

ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದರು. ಮೊನೆ ಮುರಿದಿತ್ತು. ಡ್ರಾಯರಿನಲ್ಲಿ ಹುಡುಕಿ, ಬ್ಲೇಡು ತೆಗೆದು, ನಿಧಾನವಾಗಿ ಮೊನೆ ಮಾಡಿಕೊಂಡರು. ಆಮೇಲೆ ಕಟ್ಟನ್ನು ಹತ್ತಿರಕ್ಕೆ ಎಳೆದು, ಆ ಕಪ್ಪು ಗೆರೆಯ ಪಕ್ಕದಲ್ಲಿ ಇಂಟು ಮಾರ್ಕು ಹಾಕಿದರು. ಪುಟಗಳನ್ನು ತಟ್ಟಿ ಸಮ ಮಾಡಿ ನನ್ನ ಕೈಗೆ ಕೊಟ್ಟು, ಫೈಲಿಗೆ ಸೇರಿಸಿಬಿಡಮ್ಮ ಎಂದರು.